ಹೇಳದೆ ಹೋದ ಮಧ್ಯಾಹ್ನ

ಹಾಡು ನಿಲ್ಲಿಸುವಂತಿರಲಿಲ್ಲ. ಶಾಲೆಯ ಸಿಬ್ಬಂದಿಯ ಶೌಚಾಲಯದಲ್ಲಿ ಕೂತು ತರಗತಿಯ ಸಹಾಯಕಿ ರೊವೀನಾ ಪೈಬಸ್ ಬಾಯಿಗೆ ಬಂದದ್ದನ್ನು ಹಾಡುತ್ತಿದ್ದಳು. ರಾಗಕ್ಕೆ ತಲೆಬುಡವಿರಲಿಲ್ಲ. ಮಾತು ಮುಗಿದುಹೋದಾಗ ಎದುರಿನ ಗೋಡೆಗೆ ಅಂಟಿಸಿದ್ದ, ಕೈ ತೊಳೆಯುವುದು ಹೇಗೆಂಬ ಸೂಚನೆಗಳನ್ನೇ ಎಳೆದೆಳೆದು ಹಾಡುತ್ತಿದ್ದಳು. ಹೊರಗೆ ಕಾರಿಡಾರಿನ ತಣ್ಣನೆಯ ನೆಲದ ಮೇಲೆ ಏಳು ವರ್ಷದ ಮಾರ್ಲಿ ಮೊಣಕಾಲು ಎದೆಗವುಚಿಕೊಂಡು ಕೂತಿದ್ದಾಳೆಂಬುದು ಅವಳಿಗೆ ಗೊತ್ತು. ಹಾಡು ಕೇಳುತ್ತಿರುವವರೆಗೆ ಆ ಹುಡುಗಿ ಸುಮ್ಮನಿರುತ್ತಾಳೆ. ನಿಂತರೆ ಮೊದಲು ಹಿಮ್ಮಡಿಯಿಂದ ನೆಲ ಒದೆಯುವ ಸದ್ದು, ಆಮೇಲೆ ಗೋಡೆಗೆ ತಲೆ. ಹಿಂದೊಮ್ಮೆ ಹಾಗೆ ಚಚ್ಚಿಕೊಂಡು ಹುಬ್ಬು ಸೀಳಿದ ಮೇಲೆ ಈ ಹಾಡಿನ ಉಪಾಯವನ್ನು ರೊವೀನಾ ತಾನೇ ಕಂಡುಕೊಂಡಿದ್ದಳು. ಮಕ್ಕಳ ರಕ್ಷಣೆಯ ಇಲಾಖೆಯಿಂದ ಆಗಾಗ ಬರುವ ಆಪ್ತಸಲಹೆಗಾರ್ತಿ ಅದನ್ನು ಬಹಳ ಮೆಚ್ಚಿ, ಬೇರೆ ಶಾಲೆಗಳಲ್ಲೂ ಹೇಳುತ್ತೇನೆ ಅಂದಿದ್ದಳು. ಆಗ ಹೆಮ್ಮೆಯಾಗಿತ್ತು. ಈಗ, ಐವತ್ತು ದಾಟಿದ ಹೆಂಗಸು, ಸ್ಕರ್ಟನ್ನು ತೊಡೆಯ ಮೇಲೆ ಮುದುರಿಕೊಂಡು, ಪಕ್ಕದ ಗೂಡಿನಲ್ಲಿ ಯಾರೋ ಬಂದು ಕೂತದ್ದು ತಿಳಿದೂ ಹಾಡುತ್ತಲೇ ಇರಬೇಕಾಗಿ ಬಂದಾಗ, ಅವಳಿಗೆ ತನ್ನ ದನಿಯನ್ನು ಯಾರೋ ತನ್ನ ಗಂಟಲಿನಿಂದ ದಾರದಂತೆ ಎಳೆದೆಳೆದು ಸುತ್ತಿಕೊಳ್ಳುತ್ತಿದ್ದಾರೆ ಅನ್ನಿಸಿತು. ತಡಿಕೆಯ ಆಚೆಯಿಂದ ಐದನೇ ತರಗತಿಯ ಟೀಚರು ನಕ್ಕಳು: "ಇವತ್ತು ಗಂಟಲು ಚೆನ್ನಾಗಿದೆ ರೊವೀನಾ, ಇನ್ನೊಂದು ಆಗ್ಲಿ." ರೊವೀನಾ ಅದಕ್ಕೂ ರಾಗವಾಗಿಯೇ ಉತ್ತರ ಕೊಟ್ಟಳು. ಮಾತಾಡಲೆಂದು ಹಾಡು ನಿಲ್ಲಿಸಿದರೂ ಅದು ನಿಲ್ಲಿಸಿದಂತೆಯೇ.

ಬೆಳಿಗ್ಗೆ ನೋಲಾ ಆಡಿದ ಮಾತು ಇನ್ನೂ ಒಳಗೆ ಕೊರೆಯುತ್ತಿತ್ತು. ನೋಲಾ ಮಾರ್ಲಿಯ ಸಾಕುತಾಯಿ. ಇಲಾಖೆಯವರು ಮಗುವನ್ನು ಹೆತ್ತವಳಿಂದ ಬಿಡಿಸಿ ಒಂದು ಮನೆಯಿಂದ ಇನ್ನೊಂದಕ್ಕೆ ದಾಟಿಸುತ್ತ ದಾಟಿಸುತ್ತ ಕೊನೆಗೆ ಬರ್ನಿ ಎಂಬ ಬಂದರು ಊರಿನ ಈ ಗುಡ್ಡದ ಮೇಲೆ, ಎರಡು ನಾಯಿ ಒಂದು ವ್ಯಾನಿನ ನೋಲಾಳ ಮನೆಗೆ ತಂದು ಬಿಟ್ಟಿದ್ದರು. ಸಮುದ್ರದ ಕಡೆಯಿಂದ ಜೂನ್ ತಿಂಗಳ ಚಳಿಗಾಲದ ಗಾಳಿ ಗೇಟನ್ನು ಬಡಿಯುತ್ತಿತ್ತು. ವ್ಯಾನಿನಿಂದ ಇಳಿದ ಮಾರ್ಲಿ ಯಾರ ಕಡೆಗೂ ನೋಡದೆ ನೇರ ಬಂದು ರೊವೀನಾಳ ಸ್ವೆಟರಿನ ತೋಳಿನೊಳಗೆ ಕೈ ತೂರಿಸಿ ಮಣಿಕಟ್ಟನ್ನು ಹಿಡಿದಳು.

"ರಾತ್ರಿ ಮಲಗೋವಾಗ ನಿನ್ನ ಹೆಸರು, ಎದ್ದ ತಕ್ಷಣ ನಿನ್ನ ಹೆಸರು," ಎಂದಳು ನೋಲಾ. "ರೋ ಹೀಗಂದ್ಲು, ರೋ ಹಾಗಂದ್ಲು. ಆ ಮನೇಲಿ ನಾನ್ಯಾರು ಕಣೇ, ಅಡುಗೆಯವಳಾ, ಡ್ರೈವರಾ?"

"ಸ್ವಲ್ಪ ದಿನ ತಡಿ ನೋಲಾ. ನಿನ್ನ ಹತ್ರಾನೂ ಬರ್ತಾಳೆ."

"ಬೇಡ ಬಿಡು ಮಾರಾಯ್ತಿ. ಬಂದ್ರೆ ನಂಗೂ ನಿನ್ನ ಗತೀನೇ. ನಿನ್ನ ಕೈ ಒಂದ್ಸಲ ನೋಡ್ಕೋ."

ತಮಾಷೆಯಾಗಿಯೇ ಅಂದದ್ದು. ಆದರೆ ವ್ಯಾನು ಹತ್ತುವಾಗ ನೋಲಾ ಒಮ್ಮೆ ತಿರುಗಿ, ತನಗೆ ಕೈಯಾದರೂ ಬೀಸಿಯಾಳೇ ಎಂದು ಮಾರ್ಲಿಯ ಬೆನ್ನನ್ನು ನೋಡಿದ್ದು ರೊವೀನಾಳ ಕಣ್ಣಿಗೆ ಬಿತ್ತು. ಆ ಬೆನ್ನು ತಿರುಗಲಿಲ್ಲ. ಆಗ ತನ್ನೊಳಗೆ ಗೆದ್ದಂಥ ಒಂದು ಸಣ್ಣ ಬಿಸಿ ಎದ್ದದ್ದು, ಮರುಗಳಿಗೆಗೇ ಅದಕ್ಕಾಗಿ ನಾಚಿಕೆಯಾದದ್ದು, ಅದರ ಮರುಗಳಿಗೆಗೆ ಅಯ್ಯೋ ಇವಳನ್ನು ಆ ವ್ಯಾನಿಗೇ ಹತ್ತಿಸಿಬಿಡಬಾರದೇ ಅನ್ನಿಸಿದ್ದು, ಮೂರೂ ಒಂದರ ಮೇಲೊಂದು ಬಂದು, ಯಾವುದು ತನ್ನದು ಯಾವುದು ಅಲ್ಲ ಎಂದು ತಿಳಿಯದೆ ಅವಳು ಮಗುವಿನ ಚೀಲ ಎತ್ತಿಕೊಂಡು ಒಳಗೆ ನಡೆದಿದ್ದಳು.

ತರಗತಿಯಲ್ಲಿ ಎಲ್ಲ ಮಕ್ಕಳೂ ಜಮಖಾನದ ಮೇಲೆ ಕೂತು ಕಥೆ ಕೇಳುತ್ತಿದ್ದರೆ ಮಾರ್ಲಿ ರೊವೀನಾಳ ಕಡೆಗೇ ತಿರುಗಿ ಕೂತಿದ್ದಳು. ತೋಳಿನೊಳಗೆ ಅದೇ ಕೈ. ಆ ಬೆರಳುಗಳು ಒಂದೇ ಜಾಗದಲ್ಲಿ ಉಜ್ಜಿ ಉಜ್ಜಿ ಮಣಿಕಟ್ಟಿನ ಒಳಭಾಗದ ಚರ್ಮ ಕೆಂಪಾಗಿ, ಸ್ನಾನದ ನೀರು ತಾಕಿದರೆ ಉರಿಯುತ್ತಿತ್ತು. ಬಿಡಿಸಿಕೊಳ್ಳುವಂತಿರಲಿಲ್ಲ. ಆಪ್ತಸಲಹೆಗಾರ್ತಿ ಸ್ಪಷ್ಟವಾಗಿ ಹೇಳಿಕೊಟ್ಟಿದ್ದಳು: ಹೋಗುವ ಮೊದಲು ಹೇಳಿ ಹೋಗಬೇಕು, ಯಾವಾಗ ಬರುತ್ತೇನೆಂದು ಹೇಳಬೇಕು, ಹೇಳಿದ ಹೊತ್ತಿಗೆ ಬರಬೇಕು. ಈ ಮಗುವಿಗೆ ಪಾಠ ಕಲಿಸುವುದಕ್ಕಿಂತ ಮೊದಲು, ಹೋದವರು ಬರುತ್ತಾರೆ ಎನ್ನುವುದನ್ನು ಕಲಿಸಬೇಕು. ಅದಕ್ಕೆ ಶಾಲೆಯಲ್ಲಿ ಒಬ್ಬರು ಬೇಕು, ಒಬ್ಬರೇ. ಆ ಒಬ್ಬರು ಯಾರಾಗುತ್ತೀರಿ ಎಂದು ಕೇಳಿದಾಗ ಉಳಿದವರೆಲ್ಲ ತಮ್ಮ ಚಹಾದ ಬಟ್ಟಲಿನೊಳಗೆ ನೋಡುತ್ತಿದ್ದರು. ರೊವೀನಾ ಕೈ ಎತ್ತಿದಳು. ಯಾಕೆ ಎತ್ತಿದೆ ಎಂದು ಎಷ್ಟೋ ಸಲ ಯೋಚಿಸಿದ್ದಾಳೆ. ಒಳ್ಳೆಯತನಕ್ಕೆ ಎಂದು ಹೇಳಿಕೊಳ್ಳಲು ಧೈರ್ಯವಾಗುವುದಿಲ್ಲ. ಎಲ್ಲರೂ ಸುಮ್ಮನಿದ್ದ ಆ ಮೌನ ತಡೆಯಲಾಗಲಿಲ್ಲ, ಅಷ್ಟೇ ಇರಬಹುದು. ಕಳೆದ ವಾರ ತಂದೆತಾಯಿಗಳೆಲ್ಲ ಬಂದಿದ್ದ ಬೆಳಗಿನ ಸಭೆಯಲ್ಲಿ, ಪಕ್ಕದ ಹುಡುಗನ ಬೂಟಿನ ದಾರ ಕಟ್ಟಲು ಅವಳು ಬಗ್ಗಿದ್ದೇ ತಡ, ಮಾರ್ಲಿ ಅವಳ ಮುಖಕ್ಕೆ ಉಗಿದಿದ್ದಳು. "ಮುದಿ ಮೇಕೆ, ನಿನ್ನ ಬಾಯಿ ನಾರುತ್ತೆ." ಇಡೀ ಸಭಾಂಗಣಕ್ಕೆ ಕೇಳಿಸಿತ್ತು. ಎಂಜಲು ಕೆನ್ನೆಯಿಂದ ಕತ್ತಿಗಿಳಿಯುತ್ತಿದ್ದಾಗ ರೊವೀನಾ ಹೇಳಿಕೊಟ್ಟಂತೆ ಮೆತ್ತಗಿನ ದನಿಯಲ್ಲಿ, "ನಿಂಗೆ ಹೆದರಿಕೆಯಾಯ್ತು ಅಲ್ವಾ, ನಾನಿಲ್ಲೇ ಇದೀನಿ" ಅಂದಳು. ಹಿಂದಿನ ಸಾಲಿನಲ್ಲಿ ಯಾರೋ ತಂದೆ, "ನಮ್ಮ ಕಾಲದಲ್ಲಾಗಿದ್ರೆ ಒಂದು ಬಿಟ್ಟಿರೋರು" ಅಂದದ್ದು ಕೇಳಿಸಿತು. ಅವನ ಮಾತು ಕೇಳಿ ಅವಳಿಗೆ ಸಿಟ್ಟು ಬರಬೇಕಿತ್ತು. ಬಂದದ್ದು ಬೇರೆ: ತನ್ನ ಬಲ ಅಂಗೈ ತಾನಾಗಿ ಬಿಸಿಯಾಗಿತ್ತು, ಹೊಡೆದೇಬಿಟ್ಟಂತೆ.

ಅಂಗೈಯ ಆ ಬಿಸಿ ಅವಳಿಗೆ ಹೊಸದಲ್ಲ. ಒದ್ದೆ ಬಟ್ಟೆ ಹಿಡಿದು ಅದನ್ನು ಆರಿಸಿಕೊಂಡ ಕಾಲವೊಂದಿತ್ತು. ಹಿತ್ತಲಿನ ತಂತಿಗೆ ಹರವಿದ ಹಾಸಿಗೆ ಬಟ್ಟೆಗಳ ನಡುವೆ ನಿಂತರೆ ಎರಡು ಕಡೆಯೂ ಬಿಳಿ ಗೋಡೆ, ಮೇಲೆ ಆಕಾಶ, ಗಾಳಿಗೆ ಬಟ್ಟೆ ಪಟಪಟ ಬಡಿಯುವ ಸದ್ದಿನಲ್ಲಿ ಒಳಗಿನ ತೊಟ್ಟಿಲಿನ ಅಳು ಕೇಳಿಯೂ ಕೇಳದಂತಾಗುತ್ತಿತ್ತು. ಮಗಳು ಲಿನೆಟ್ ಆಗ ಆರು ತಿಂಗಳ ಕೂಸು. ಗಂಡ ಡಗ್ ಬಂದರಿನ ಪಾಳಿ ಮುಗಿಸಿ ಬರುವವರೆಗೆ ಆ ಕೂಸಿನ ಜೊತೆ ಒಬ್ಬಳೇ. ಬಟ್ಟೆ ಒಣಗಿದ ಮೇಲೂ ಅವಳು ಅಲ್ಲೇ ನಿಂತಿರುತ್ತಿದ್ದಳು, ಒಳಗಿನ ಸದ್ದು ತಾನಾಗಿ ಅಡಗುವವರೆಗೆ. "ರೋ, ನೀನು ನನ್ನ ನೋಡ್ತಿಲ್ಲ," ಎಂದು ಮಾರ್ಲಿ ಮಣಿಕಟ್ಟಿಗೆ ಉಗುರು ಒತ್ತಿದಳು. "ನೋಡ್ತಾ ಇದೀನಿ ಪುಟ್ಟಾ." "ಇಲ್ಲ. ನಿನ್ನ ಕಣ್ಣು ಬೇರೆ ಕಡೆ ಹೋಗಿತ್ತು. ಎಲ್ಲಿಗೆ ಹೋಗಿತ್ತು?" ಎಲ್ಲಿಗೂ ಇಲ್ಲ ಅಂದಳು ರೊವೀನಾ. ಕಣ್ಣಿಗೂ ರಜೆ ಇಲ್ಲ ಅನ್ನಿಸಿತು.

ಮಧ್ಯಾಹ್ನದ ಊಟದ ಬಿಡುವಿನಲ್ಲಿ ಅವಳು ದಿನವೂ ಸಿಬ್ಬಂದಿಯ ಕೋಣೆಯ ಕಿಟಕಿಗೆ ಒತ್ತಿ ಕೂತು ತಿನ್ನುತ್ತಿದ್ದಳು. ಗಾಜಿನ ಆಚೆ ಆಟದ ಬಯಲಲ್ಲಿ ನಿಂತ ಮಾರ್ಲಿ ಆಗಾಗ ತಿರುಗಿ ನೋಡಿ, ಅವಳು ಇರುವುದನ್ನು ಖಚಿತಪಡಿಸಿಕೊಂಡು ಮತ್ತೆ ಮರಳು ಕೆದರುತ್ತಿದ್ದಳು. ಆ ಹೊತ್ತಿನಲ್ಲಿ ಮಾರ್ಲಿಯನ್ನು ನೋಡಿಕೊಳ್ಳಲು ಹೊಸದಾಗಿ ಸೇರಿದ್ದ ಕ್ಯಾಂಡಿಸ್ ಎಂಬ ಹುಡುಗಿ ಇದ್ದಳು. ಇನ್ನೂ ಇಪ್ಪತ್ತರ ಆಸುಪಾಸು, ಕೂದಲಿಗೆ ನೇರಳೆ ಬಣ್ಣ, ಎಲ್ಲದಕ್ಕೂ ನಗು. ಗುರುವಾರವಾದ ಆ ದಿನ ರೊವೀನಾ ಬ್ರೆಡ್ಡಿನ ಪೊಟ್ಟಣ ಬಿಚ್ಚಿ, ಒಂದು ತುತ್ತು ಬಾಯಿಗಿಟ್ಟು, ತಲೆ ಎತ್ತಿದರೆ ಮಾರ್ಲಿ ಗಾಜಿಗೇ ಮೂಗು ಒತ್ತಿ ನಿಂತಿದ್ದಳು. ಉಸಿರಿನ ಮಂಜಿನಲ್ಲಿ ಮುಖ ಕಾಣದೆ ಬಾಯಿ ಮಾತ್ರ ಕಾಣುತ್ತಿತ್ತು. ಬಾಯೊಳಗಿನ ತುತ್ತು ಹಾಗೇ ಉಳಿಯಿತು. ಅವಳು ಎದ್ದು ಹೊರಗೆ ಬಂದಳು. ತನ್ನ ಬಾಯಿಂದ ಬಂದ ಮಾತನ್ನು ಬೇರೆ ಯಾರದೋ ಎಂಬಂತೆ ಕೇಳಿಸಿಕೊಂಡಳು.

"ಕಾರಲ್ಲಿ ಸ್ವೆಟರ್ ಬಿಟ್ಟಿದೀನಿ ಪುಟ್ಟಾ. ತಗೊಂಡು ಈಗ ಬಂದೆ."

"ಈಗ ಅಂದ್ರೆ?"

"ಈಗ ಅಂದ್ರೆ ಈಗ."

ಮಾರ್ಲಿ ಅವಳನ್ನು ಮೇಲಿಂದ ಕೆಳಕ್ಕೆ ನೋಡಿದಳು. ರೊವೀನಾ ಸ್ವೆಟರ್ ಹಾಕಿಕೊಂಡೇ ಇದ್ದಳು. ಬೂದು ಬಣ್ಣದ್ದು, ಕುತ್ತಿಗೆಯವರೆಗೆ ಗುಂಡಿ ಹಾಕಿದ್ದು. ಕ್ಯಾಂಡಿಸ್ ಮಾತ್ರ, "ಹೋಗ್ಬನ್ನಿ, ನಾವಿಬ್ರೂ ಇಲ್ಲಿ ಕೇಕ್ ಮಾಡ್ತಾ ಇರ್ತೀವಿ, ಮರಳು ಕೇಕು," ಎಂದು ನಕ್ಕಳು. ಕಾರಿನ ತನಕ ನಡೆಯುವಾಗ ಹಿಂತಿರುಗಿ ನೋಡಬಾರದೆಂದು ಅವಳಿಗೆ ಗೊತ್ತಿತ್ತು. ಬರೀ ಕಾರಿನೊಳಗೆ ಒಂದು ಗಳಿಗೆ ಕೂತು ಬರುತ್ತೇನೆ ಅಂದುಕೊಂಡಿದ್ದಳು, ನಿಜವಾಗಿಯೂ. ಬಾಗಿಲು ಹಾಕಿಕೊಂಡಾಗ ಗಾಳಿಯ ಸದ್ದು ನಿಂತಿತು. ಆ ನಿಶ್ಶಬ್ದ ಎಷ್ಟು ಹಿತವಾಗಿತ್ತೆಂದರೆ ಅದನ್ನು ಅಲ್ಲೇ ಬಿಟ್ಟು ಏಳುವುದು ಆಗದ ಮಾತೆನಿಸಿ, ಕೈ ಕೀಲಿ ತಿರುಗಿಸಿತು.

ಗುಡ್ಡ ಇಳಿದು, ಪೇಟೆ ದಾಟಿ, ಅವಳು ಬಂದರಿನ ಪಕ್ಕದ ಕಡಲದಂಡೆಗೆ ಬಂದಳು. ದಾರಿಯಲ್ಲಿ ಬೇಕರಿಯಲ್ಲಿ ಚಿಪ್ಪುಮೀನಿನ ಮಸಾಲೆ ತುಂಬಿ ಸುಟ್ಟ ಪೈ ಕೊಂಡಿದ್ದಳು. ಕಾರಿನೊಳಗೇ ಕೂತು ಅದನ್ನು ಎರಡೂ ಕೈಯಲ್ಲಿ ಹಿಡಿದು ತಿಂದಳು. ಮಸಾಲೆಯ ಹಳದಿ ರಸ ಗಲ್ಲಕ್ಕಿಳಿದರೂ ಒರೆಸಿಕೊಳ್ಳಲಿಲ್ಲ. ಯಾರೂ ನೋಡುತ್ತಿರಲಿಲ್ಲ, ಯಾರೂ ಮುಟ್ಟುತ್ತಿರಲಿಲ್ಲ. ಎದುರಿಗೆ ಮರದ ಚೂರಿನ ಕಂದು ಗುಡ್ಡದಿಂದ ಹಡಗೊಂದಕ್ಕೆ ಸರಕು ತುಂಬುತ್ತಿದ್ದರು. ಆ ಯಂತ್ರದ ಗುಂಯ್‌ಗುಟ್ಟುವಿಕೆ ದೂರದಿಂದ ಜೋಗುಳದಂತೆ ಬರುತ್ತಿತ್ತು. ತೋಳನ್ನು ಮೇಲೆ ಸರಿಸಿ ಮಣಿಕಟ್ಟನ್ನು ಗಾಜಿನಿಂದ ಬರುವ ಬಿಸಿಲಿಗೆ ಹಿಡಿದಳು. ತನ್ನ ಚರ್ಮ ತನಗೇ ವಾಪಸು ಸಿಕ್ಕಂತಾಯಿತು. ಇನ್ನೊಂದು ಗಳಿಗೆ ಅಂದುಕೊಂಡಳು. ಊಟದ ಬಿಡುವು ನನ್ನ ಹಕ್ಕು, ನಾನು ಯಾವ ಕಳ್ಳತನವನ್ನೂ ಮಾಡುತ್ತಿಲ್ಲ, ಇಷ್ಟಕ್ಕೂ ಆ ಮಗು ನನ್ನದೇನಲ್ಲ. ಈ ಕೊನೆಯ ಮಾತು ಮನಸ್ಸಿನಲ್ಲಿ ಪೂರ್ತಿಯಾಗುವ ಮೊದಲೇ ಕಣ್ಣೆವೆ ಭಾರವಾಯಿತು. ಗಾಳಿ ಕಾರನ್ನು ತೂಗುತ್ತಿತ್ತು.

ಎಚ್ಚರವಾದಾಗ ಬಿಸಿಲು ತೊಡೆಯಿಂದ ಪಕ್ಕದ ಸೀಟಿಗೆ ಸರಿದಿತ್ತು. ಶಾಲೆ ಬಿಡುವ ಹೊತ್ತು ಹತ್ತಿರವಾಗಿತ್ತು. ಗುಡ್ಡ ಹತ್ತುವಾಗ ಅವಳು ಎಲ್ಲವನ್ನೂ ಕಂಡಳು: ಗೋಡೆಗೆ ಚಚ್ಚಿಕೊಂಡ ಹಣೆ, ನೆಲದ ಮೇಲೆ ರಕ್ತ, ಗೇಟಿನ ಬಳಿ ಆಂಬುಲೆನ್ಸು, ಅದರ ಪಕ್ಕ ನೋಲಾಳ ವ್ಯಾನು. ಸುಳ್ಳುಗಳನ್ನೂ ಹೊಂದಿಸಿಕೊಂಡಳು: ಟೈರು ಹೋಯಿತು, ತಲೆ ಸುತ್ತಿತು, ಡಗ್ ಫೋನು ಮಾಡಿದ್ದ. ಗೇಟಿನ ಬಳಿ ಏನೂ ಇರಲಿಲ್ಲ. ಕಾರಿಡಾರಿನಲ್ಲಿ ಯಾರೂ ಓಡುತ್ತಿರಲಿಲ್ಲ. ತರಗತಿಯ ಬಾಗಿಲಲ್ಲಿ ನಿಂತು ನೋಡಿದರೆ ಕಿಟಕಿಯ ಕೆಳಗೆ ಕ್ಯಾಂಡಿಸ್ ಕಾಲು ಚಾಚಿ ಕೂತಿದ್ದಳು, ಅವಳ ಮಡಿಲಲ್ಲಿ ಕೂತ ಮಾರ್ಲಿ ದಾರಕ್ಕೆ ಮಣಿ ಪೋಣಿಸುತ್ತಿದ್ದಳು. ಹಣೆ ಸ್ವಚ್ಛವಾಗಿತ್ತು. ಕೂದಲಿಗೆ ಯಾರೋ ಎರಡು ಜಡೆ ಹಾಕಿದ್ದರು. ರೊವೀನಾಳಿಗೆ ಆ ಕೂದಲನ್ನು ಬಾಚಲು ಎಂದೂ ಬಿಟ್ಟಿರಲಿಲ್ಲ.

"ಬಂಗಾರದಂಥ ಮಗು," ಎಂದಳು ಕ್ಯಾಂಡಿಸ್. ಮುಖ ಅರಳಿತ್ತು. "ಒಂದ್ಸಲನೂ ಕೂಗ್ಲಿಲ್ಲ. ಎಲ್ಲರೂ ಸುಮ್ನೆ ನನ್ನ ಹೆದರಿಸಿದ್ರು ನೋಡಿ. ಅಲ್ವಾ ಚಿನ್ನಾ?"

ಮಾರ್ಲಿ ತಲೆ ಎತ್ತಿ ರೊವೀನಾಳನ್ನು ನೋಡಿ ನಕ್ಕಳು. ಹಲ್ಲೆಲ್ಲ ಕಾಣುವ, ಚೆಂದದ ನಗು. ಅಂಗಡಿಯಲ್ಲಿ ಸಾಮಾನು ಕಟ್ಟಿಕೊಡುವವರಿಗೆ, ಬಸ್ಸಿನ ಚಾಲಕನಿಗೆ, ರಸ್ತೆಯಲ್ಲಿ ಹೋಗುವ ಯಾರಿಗಾದರೂ ಅವಳು ಕೊಡುವ ನಗು. ಆ ನಗು ನಕ್ಕು, ನಾನು ನಿಮ್ಮ ಮನೆಗೆ ಬರಲಾ ಎಂದು ಕೇಳುತ್ತಿದ್ದಳಂತೆ ಮೊದಮೊದಲು. "ಹಲೋ ಮಿಸೆಸ್ ಪೈಬಸ್," ಎಂದಳು. "ನನ್ನ ಸರ ಚೆನ್ನಾಗಿದ್ಯಾ?" ರೊವೀನಾ ಚೆನ್ನಾಗಿದೆ ಅಂದಳು. ಮಾರ್ಲಿ ಥ್ಯಾಂಕ್ಯೂ ಎಂದು ಹೇಳಿ ಮುಂದಿನ ಮಣಿ ಆರಿಸಿಕೊಂಡಳು. ಆ ಹುಡುಗಿಯ ಬಾಯಲ್ಲಿ ತನ್ನ ಗಂಡನ ಮನೆಯ ಹೆಸರು ಬರುವುದೆಂದೇ ರೊವೀನಾಳಿಗೆ ಗೊತ್ತಿರಲಿಲ್ಲ. ಎಂಜಲು ಉಗಿದಾಗ ಕೂಡ ತನ್ನ ಮುಖ ಇಷ್ಟು ತಣ್ಣಗಾಗಿರಲಿಲ್ಲ. ಕಳೆದುಕೊಳ್ಳುವ ಹೆದರಿಕೆ ಇದ್ದವರ ಮೇಲೆ ಮಾತ್ರ ಇವಳು ಕೈ ಎತ್ತುವುದು, ಬೇಡವಾದವರ ಹತ್ತಿರ ಇವಳಷ್ಟು ಒಳ್ಳೆಯ ಮಗು ಇನ್ನೊಂದಿಲ್ಲ: ಇದನ್ನು ಯಾರೂ ಅವಳಿಗೆ ಬಿಡಿಸಿ ಹೇಳಬೇಕಾಗಿರಲಿಲ್ಲ. ಇಷ್ಟು ತಿಂಗಳ ಕಚ್ಚುಗಾಯಗಳಿಂದಲೇ ತಿಳಿದಿತ್ತು.

ಮುಖ್ಯೋಪಾಧ್ಯಾಯಿನಿ ಜಿನೆಟ್ ಅವಳನ್ನು ಕೋಣೆಗೆ ಕರೆದಳು. ಬೈಯಲಿಕ್ಕೆಂದು ರೊವೀನಾ ಅಂದುಕೊಂಡಿದ್ದಳು, ಬೈದರೆ ಸಾಕು ಎಂದೂ. ಜಿನೆಟ್ ಅವಳಿಗಿಂತ ಹತ್ತು ವರ್ಷ ಚಿಕ್ಕವಳು, ಮಾತು ಮೃದು. ಚಹಾ ಮಾಡಿಕೊಟ್ಟಳು.

"ಸುಸ್ತಾಗಿದೀರಿ ರೊವೀನಾ. ಯಾರಿಗಾದ್ರೂ ಆಗುತ್ತೆ. ನಾನೇ ಇನ್ನೂ ಮುಂಚೆ ನೋಡ್ಬೇಕಿತ್ತು."

"ನಾನು ಊಟಕ್ಕೆ ಹೋಗಿದ್ದೆ. ಸ್ವಲ್ಪ ತಡ ಆಯ್ತು."

"ಅದಿರಲಿ ಬಿಡಿ. ನಾನು ಹೇಳೋದು ಬೇರೆ. ನೀವಿಲ್ದೆ ಇಡೀ ಮಧ್ಯಾಹ್ನ ಆ ಮಗು ಎಷ್ಟು ಸಮಾಧಾನವಾಗಿತ್ತು ನೋಡಿ. ಕೆಲವು ಸಲ ನಮಗೇ ಗೊತ್ತಿಲ್ದೆ ನಾವೇ ಅವರನ್ನ ಬಿಗಿಯಾಗಿ ಹಿಡ್ಕೊಂಡಿರ್ತೀವಿ. ಸೋಮವಾರದಿಂದ ಕ್ಯಾಂಡಿಸ್ ನೋಡ್ಕೊಳ್ಳಲಿ. ನೀವು ದೊಡ್ಡ ಮಕ್ಕಳ ಓದಿನ ಗುಂಪು ತಗೊಳ್ಳಿ. ಆರಾಮಾಗಿರುತ್ತೆ."

ಹೇಳಬೇಕಾದದ್ದು ನಾಲಿಗೆಯ ತುದಿಯಲ್ಲಿತ್ತು. ಅದು ಸಮಾಧಾನ ಅಲ್ಲ ಜಿನೆಟ್, ನಾನು ಸುಳ್ಳು ಹೇಳಿ ಹೋದೆ, ಅವಳು ನನ್ನ ಆಸೆಯನ್ನೇ ಬಿಟ್ಟುಬಿಟ್ಟಳು. ಅಷ್ಟು ಹೇಳಿದರೆ ಸೋಮವಾರವೂ ಅದೇ ತೋಳು, ಅದೇ ಬೆರಳು, ಅದೇ ಹಾಡು. ಹೇಳದಿದ್ದರೆ ಓದಿನ ಗುಂಪು, ಒಬ್ಬಳೇ ಕೂತು ಉಣ್ಣುವ ಊಟ. ಚಹಾದ ಹಬೆ ಕನ್ನಡಕಕ್ಕೆ ಹತ್ತಿ ಜಿನೆಟ್‌ಳ ಮುಖ ಕಾಣಲಿಲ್ಲ. "ಸರಿ," ಎಂದಳು ರೊವೀನಾ.

ಸಂಜೆ ಅಡುಗೆಮನೆಯಲ್ಲಿ ಡಗ್ ವಿಷಯ ಕೇಳಿ, ಆಲೂಗಡ್ಡೆ ಸುಲಿಯುವ ಕೈ ನಿಲ್ಲಿಸದೆಯೇ, "ಒಳ್ಳೇದೇ ಆಯ್ತಲ್ಲ ಮತ್ತೆ. ನೀನೇ ಅಳ್ತಾ ಇದ್ದೆ, ಬಿಡುಗಡೆ ಬೇಕು ಅಂತ," ಎಂದ. ಹೌದು ಅಂದಳು. ತಟ್ಟೆಗಳನ್ನು ಮೇಜಿನ ಮೇಲಿಟ್ಟಳು. ಇಟ್ಟ ಮೇಲೆ, ಯಾಕೆಂದು ತನಗೇ ತಿಳಿಯದೆ, ಲಾನ್ಸೆಸ್ಟನ್ ಊರಿನಲ್ಲಿದ್ದ ಮಗಳಿಗೆ ಫೋನು ಮಾಡಿದಳು. ಲಿನೆಟ್ ಎಂದಿನಂತೆ ಎರಡನೇ ರಿಂಗಿಗೇ ಎತ್ತಿಕೊಂಡಳು, ಎಂದಿನಂತೆ ಆರೋಗ್ಯ ವಿಚಾರಿಸಿದಳು, ಅಪ್ಪನ ಮಂಡಿನೋವು ವಿಚಾರಿಸಿದಳು. ಮಗಳು ಯಾವತ್ತೂ ಅವಳಿಗೆ ಎದುರಾಡಿದವಳಲ್ಲ.

"ಲಿನ್, ನೀನು ಚಿಕ್ಕವಳಿದ್ದಾಗ ತುಂಬ ಅಳ್ತಿದ್ದೆಯಾ? ನಂಗೆ ಸರಿಯಾಗಿ ನೆನಪಾಗ್ತಿಲ್ಲ."

"ನನ್ನೇನು ಕೇಳ್ತೀಯಮ್ಮಾ? ನೀನೇ ಎಲ್ಲರ ಹತ್ರ ಹೇಳ್ತಿದ್ದೆ. ನಮ್ಮ ಲಿನ್‌ದು ಏನೂ ರಗಳೆಯಿಲ್ಲ, ತೊಟ್ಟಿಲಲ್ಲಿ ಹಾಕಿದ್ರೆ ಹಾಕಿದ ಹಾಗೆ ಇರುತ್ತೆ, ಸೂರು ನೋಡ್ಕೊಂಡು. ಅಳೋದನ್ನೇ ಬಿಟ್ಬಿಡ್ತು ಅಂತ."

"ಹೌದು. ಹೇಳ್ತಿದ್ದೆ."

"ಯಾಕೆ, ಏನಾಯ್ತು?"

"ಏನಿಲ್ಲ ಕಂದಾ."

"ಸರಿ ಹಾಗಾದ್ರೆ. ಫೋನ್ ಮಾಡಿದ್ದಕ್ಕೆ ಥ್ಯಾಂಕ್ಸ್ ಅಮ್ಮಾ," ಎಂದಳು ಲಿನೆಟ್, ಅಷ್ಟೇ ಚೆಂದವಾಗಿ. ಫೋನು ಇಟ್ಟ ಮೇಲೂ ರೊವೀನಾ ಅದನ್ನು ಕಿವಿಗೆ ಒತ್ತಿಕೊಂಡೇ ನಿಂತಿದ್ದಳು. ಬಟ್ಟೆಗಳ ನಡುವೆ ನಿಂತಾಗ ಒಳಗಿನ ಸದ್ದು ಅಡಗಿದ ಆ ಮೊದಲ ದಿನ ತನಗಾದ ಸಂತೋಷ ಅವಳಿಗೆ ನೆನಪಾಯಿತು. ಮಗು ದೊಡ್ಡದಾಗುತ್ತಿದೆ ಅಂದುಕೊಂಡಿದ್ದಳು. ನೆರೆಯವರು, ಎಂಥ ಪುಣ್ಯವಂತೆ ನೀನು ಅಂದಿದ್ದರು. ಮೂವತ್ತು ವರ್ಷ ಆ ಹೊಗಳಿಕೆಯನ್ನು ಆಭರಣದಂತೆ ತೊಟ್ಟುಕೊಂಡು ತಿರುಗಿದ್ದಳು. "ಊಟಕ್ಕೆ ಬಾರೇ, ಆರಿಹೋಗುತ್ತೆ," ಎಂದ ಡಗ್. ಅವಳು ಬಂದು ಕೂತು ಉಂಡಳು. ಏನು ಉಂಡೆ ಎಂದು ಕೇಳಿದ್ದರೆ ಹೇಳಲಾಗುತ್ತಿರಲಿಲ್ಲ.

ಶುಕ್ರವಾರ ಬೆಳಿಗ್ಗೆ, ಜಿನೆಟ್ ಇನ್ನೂ ಕೋಟು ಬಿಚ್ಚುತ್ತಿದ್ದಾಗಲೇ ರೊವೀನಾ ಹೋಗಿ ಎಲ್ಲವನ್ನೂ ಹೇಳಿದಳು: ಸ್ವೆಟರಿನ ಸುಳ್ಳು, ಕಡಲು, ಪೈ, ನಿದ್ದೆ. ಹೇಳುತ್ತ ಹೇಳುತ್ತ ತನ್ನ ಅಪರಾಧ ಎಷ್ಟು ಸಣ್ಣದಾಗಿ ಕೇಳಿಸುತ್ತಿದೆಯೆಂದು ಅವಳಿಗೇ ಗಾಬರಿಯಾಯಿತು. ಜಿನೆಟ್ ನಕ್ಕುಬಿಟ್ಟಳು.

"ಪಾಪ, ಇಷ್ಟಕ್ಕೆ ರಾತ್ರಿ ನಿದ್ದೆ ಕೆಡಿಸ್ಕೊಂಡ್ರಾ? ಪೈ ತಿಂದಿದ್ದಕ್ಕೆ ಯಾರನ್ನೂ ಕೆಲಸದಿಂದ ತೆಗೆಯಲ್ಲ."

"ಅವಳು ನಿನ್ನೆ ಸಮಾಧಾನವಾಗಿರ್ಲಿಲ್ಲ. ಮುಚ್ಕೊಂಡ್ಬಿಟ್ಲು. ನನ್ನ ಹತ್ರಾನೇ ಇರ್ಲಿ, ವರ್ಷ ಮುಗಿಯೋವರೆಗೆ."

ಜಿನೆಟ್ ಕೋಟನ್ನು ಗೂಟಕ್ಕೆ ಸಿಕ್ಕಿಸಿ, ತಿರುಗಿ, ಅವಳ ಭುಜದ ಮೇಲೆ ಕೈ ಇಟ್ಟಳು. "ಬೇಜಾರು ಮಾಡ್ಕೋಬೇಡಿ, ಒಂದು ಮಾತು ಕೇಳ್ತೀನಿ. ಯಾರಿಗೆ ಯಾರು ಬೇಕಾಗಿದಾರೆ ರೊವೀನಾ? ಅವಳಿಗೆ ನೀವೋ, ನಿಮಗೆ ಅವಳೋ?" ಇಡೀ ಸಿಬ್ಬಂದಿಯ ಕೋಣೆ ತನ್ನ ಬೆನ್ನ ಹಿಂದೆ ಇದನ್ನೇ ಎಷ್ಟು ದಿನದಿಂದ ಕೇಳಿಕೊಳ್ಳುತ್ತಿತ್ತು ಎನ್ನುವುದು ಒಮ್ಮೆಲೇ ತಿಳಿಯಿತು. ಕಿವಿಯ ತುದಿ ಉರಿಯಿತು. "ಇವತ್ತು ಸ್ವಲ್ಪ ಹೊತ್ತು ಅವಳ ಜೊತೆ ಮಾತಾಡ್ಲಿಕ್ಕೆ ಬಿಡಿ," ಎಂದಳು. "ಹೇಳಿ ಹೋಗ್ಬೇಕಲ್ಲ." ಜಿನೆಟ್ ಅದಕ್ಕೆ ಒಪ್ಪಿದಳು.

ಚಿತ್ರಕಲೆಯ ಕೋಣೆಯ ತೊಟ್ಟಿಯ ಮುಂದೆ ಸ್ಟೂಲಿನ ಮೇಲೆ ನಿಂತು ಮಾರ್ಲಿ ಕುಂಚ ತೊಳೆಯುತ್ತಿದ್ದಳು. ಕ್ಯಾಂಡಿಸ್ ಹೊರಗೆ ಹೋದಳು. ರೊವೀನಾ ಅಲ್ಲೇ ನೆಲದ ಮೇಲೆ ಕೂತಳು, ಮಂಡಿ ಲಟಕ್ಕೆಂದಿತು.

"ಹಲೋ ಮಿಸೆಸ್ ಪೈಬಸ್."

"ನಿನ್ನೆ ನಿಂಗೆ ಸುಳ್ಳು ಹೇಳ್ದೆ. ಸ್ವೆಟರು ಕಾರಲ್ಲಿ ಇರ್ಲಿಲ್ಲ, ಮೈಮೇಲೇ ಇತ್ತು."

"ಗೊತ್ತು. ನೋಡ್ದೆ."

"ನಂಗೆ ಸಾಕಾಗಿತ್ತು. ನಿನ್ನ ಬಿಟ್ಟು ಎಲ್ಲಾದ್ರೂ ಹೋಗ್ಬೇಕು ಅನ್ನಿಸ್ತು. ಸಮುದ್ರದ ಹತ್ರ ಹೋಗಿ ಒಂದು ಪೈ ತಿಂದೆ. ನಿದ್ದೆ ಬಂತು, ಮಲಗ್ಬಿಟ್ಟೆ."

ಹೀಗೆಲ್ಲ ಮಗುವಿಗೆ ಹೇಳಬಾರದು. ಆಪ್ತಸಲಹೆಗಾರ್ತಿ ಕೇಳಿದ್ದರೆ ತಲೆ ಚಚ್ಚಿಕೊಳ್ಳುತ್ತಿದ್ದಳು. ಮಾರ್ಲಿ ಒಂದು ಕುಂಚವನ್ನು ನೀರಿಗೆ ಹಿಡಿದು, ಬಣ್ಣ ಹೋದ ಮೇಲೂ ಹಿಡಿದೇ ಇದ್ದಳು.

"ಪೈಗೆ ಸಾಸ್ ಹಾಕ್ಕೊಂಡ್ಯಾ?"

"ಇಲ್ಲ."

"ಹಾಕ್ಕೊಂಡ್ರೆ ಚೆನ್ನಾಗಿರುತ್ತೆ." ನಲ್ಲಿ ನಿಲ್ಲಿಸಿದಳು. ಆಮೇಲೆ, ಅದೇ ಒಳ್ಳೆಯ ದನಿಯಲ್ಲಿ, "ನಾನು ಕಾರ್ ಹತ್ರ ಹೋಗಿದ್ದೆ," ಎಂದಳು. "ಕ್ಯಾಂಡಿಸ್ ನೀರು ತರೋಕೆ ಹೋದಾಗ. ಬೇಲಿ ಕೆಳಗೆ ತೂರಿ ಹೋದೆ. ಕಾರ್ ಇರ್ಲಿಲ್ಲ. ಕಾರ್ ನಿಲ್ಸೋ ಜಾಗದಲ್ಲಿ ನಿಂತ್ಕೊಂಡೆ. ಬೇರೆ ಕಾರ್ ಬಂತು, ಆ ಮಾಮ ಹಾರ್ನ್ ಹೊಡೆದ, ಜರುಗು ಅಂತ. ಜರುಗ್ಲಿಲ್ಲ. ಬೈದ. ಆಮೇಲೆ ಜರುಗ್ದೆ."

ರೊವೀನಾ ನೆಲದಿಂದಲೇ ಅವಳ ಕಡೆಗೆ ಕೈ ಚಾಚಿದಳು.

"ಆಮೇಲೆ ಬಂದು ಸರ ಮಾಡ್ದೆ," ಎಂದು ಮುಗಿಸುವಾಗ ಆ ಒಳ್ಳೆಯ ದನಿ ನಡುವೆ ಎಲ್ಲೋ ಒಡೆಯಿತು. "ನೀನು ಈಗ ಅಂದೆ. ಈಗ ಅಂದ್ರೆ ಈಗ ಅಂದೆ." ಕುಂಚದ ನೀರು ತುಂಬಿದ್ದ ಡಬ್ಬಿ ರೊವೀನಾಳ ಮುಖಕ್ಕೆ ಬಂದು ಬಡಿಯಿತು. ಕಣ್ಣು ಉರಿದು ಮುಚ್ಚಿಕೊಳ್ಳುವಷ್ಟರಲ್ಲಿ ಸ್ಟೂಲು ಉರುಳಿದ ಸದ್ದು, ಮೈಮೇಲೆ ಬಿದ್ದ ಮಗುವಿನ ಭಾರ, ಮೊಣಕಾಲು ಹೊಟ್ಟೆಗೆ, ಎರಡು ಮುಷ್ಟಿ ಕೂದಲಿಗೆ. ಕೂಗು ಮಗುವಿನದೆಂದು ಹೇಳುವಂತಿರಲಿಲ್ಲ. ಎಷ್ಟೋ ಮನೆಗಳ ಹಿಂದಿನಿಂದ, ಎಂದೋ ಬಿಟ್ಟುಬಿಟ್ಟ ಕಡೆಯಿಂದ ಅದು ಹೊರಟು ಬಂದಂತಿತ್ತು. "ಮುದಿ ನಾಯಿ, ಹೋಗು, ಹೋಗು, ಸಾಯಿ," ಎನ್ನುತ್ತ ಕೂದಲನ್ನು ತನ್ನ ಕಡೆಗೇ ಎಳೆದುಕೊಳ್ಳುತ್ತಿದ್ದಳು. ರೊವೀನಾ ಆ ಪುಟ್ಟ ಬೆನ್ನಿನ ಮೇಲೆ ಕೈ ಇಟ್ಟಳು. ಎಳೆತಕ್ಕೆ ಕುತ್ತಿಗೆ ಬಗ್ಗಿ ಹಣೆ ನೆಲಕ್ಕೆ ತಾಕಿತ್ತು.

ಬಾಗಿಲು ತೆರೆದುಕೊಂಡಿತು. ತಲೆ ಎತ್ತಲಾಗದೆ ಅವಳಿಗೆ ಕಂಡದ್ದು ಬಾಗಿಲಲ್ಲಿ ನಿಂತ ಎರಡು ಜೊತೆ ಕಾಲು, ಕ್ಯಾಂಡಿಸ್‌ಳ ಬಿಳಿ ಬೂಟು, ಜಿನೆಟ್‌ಳ ಕಪ್ಪು ಬೂಟು. ಅವರ ಮುಖ ಕಾಣಬೇಕಾಗಿರಲಿಲ್ಲ. ನೋಡಿದಿರಾ, ನಿನ್ನೆ ಹೇಗಿದ್ದ ಮಗುವನ್ನು ಒಂದು ಗಳಿಗೆಯಲ್ಲಿ ಹೇಗೆ ಮಾಡಿದಳು ಎಂದು ಆ ಬೂಟುಗಳೇ ಒಂದಕ್ಕೊಂದು ಹೇಳಿಕೊಳ್ಳುತ್ತಿದ್ದವು. "ರೊವೀನಾ," ಎಂದಳು ಜಿನೆಟ್, ದನಿ ಈಗಲೂ ಮೃದು. "ಕ್ಯಾಂಡಿಸ್ ಒಳಗೆ ಬರ್ಲಿ. ನೀವು ಎದ್ದು ಬನ್ನಿ. ಸಾಕು."

ಎದ್ದು ಹೋಗಬಹುದಿತ್ತು. ಈಗಲೂ, ಈ ಕ್ಷಣವೂ. ಸೋಮವಾರದ ಓದಿನ ಗುಂಪು ಅಲ್ಲೇ ಆ ಬೂಟುಗಳ ಹಿಂದೆ ಬೆಳಕಿನಲ್ಲಿ ಕಾಯುತ್ತಿತ್ತು, ಕಾರಿನೊಳಗಿನ ನಿಶ್ಶಬ್ದ ಕಾಯುತ್ತಿತ್ತು. ಅವಳ ಮೈಯ ಒಂದೊಂದು ಎಲುಬೂ ಅದನ್ನೇ ಬೇಡುತ್ತಿತ್ತು. ಇವಳ ಮೇಲೆ ಪ್ರೀತಿಯಿದೆಯೇ ಎಂದು ಒಳಗೆ ಹುಡುಕಿದರೆ ಪ್ರೀತಿಯೆಂದು ಕರೆಯಬಹುದಾದದ್ದೇನೂ ಕೈಗೆ ಸಿಗಲಿಲ್ಲ; ಹೆದರಿಕೆ ಇತ್ತು, ದಣಿವು ಇತ್ತು, ಬುಡ ಕಿತ್ತು ಬರುತ್ತಿದ್ದ ಕೂದಲಿನ ನೋವು ಇತ್ತು.

"ಬೇಡ," ಎಂದಳು, ನೆಲಕ್ಕೆ ಬಾಯಿ ಒತ್ತಿಕೊಂಡೇ. "ಬಾಗಿಲು ಹಾಕ್ಕೊಂಡು ಹೋಗಿ."

ಬೂಟುಗಳು ಒಂದೊಂದಾಗಿ ಹಿಂದೆ ಸರಿದವು. ಆಮೇಲೆ ಬಾಗಿಲು ಮೆಲ್ಲಗೆ ಮುಚ್ಚಿತು. ಕೂಗು ಒಂದು ಉಸಿರಿನಷ್ಟು ಹೊತ್ತು ನಿಂತಿತು, ಆ ಸದ್ದನ್ನು ಕೇಳಿಸಿಕೊಳ್ಳುವವರಂತೆ. ಕೂದಲಿನೊಳಗಿನ ಮುಷ್ಟಿ ಸಡಿಲವಾಗಲಿಲ್ಲ. ಇನ್ನಷ್ಟು ಬಿಗಿಯಿತು.